ಒಂದೇ ಸಲ ಗೆದ್ದವರ ಟೂರ್ನಿ

ಅಮೆರಿಕದ ಟೆನಿಸ್ ಅಕ್ಕತಂಗಿಯರಾದ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಕಬ್ಬನ್ ಪಾರ್ಕಿನಲ್ಲಿ ಎದುರುಬದುರು ನಿಂತು ಆಡಿದ್ದಾರೆ ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ನನ್ನ ತಮ್ಮನ ಮಗಳು ಇಲ್ಲೇ ಮೈಸೂರಿನಲ್ಲಿ ಟೆನಿಸ್ ಕಲಿಯುತ್ತಿದ್ದಾಳೆ. ಈಗ ಆಡುವವರೆಲ್ಲರ ಜಾತಕ ಅವಳ ಬಾಯಲ್ಲಿದೆ. ಅವಳೂ ನಂಬಲಿಲ್ಲ. "ಯಾವ್ದೋ ಎಕ್ಸಿಬಿಷನ್ ಮ್ಯಾಚ್ ಇರ್ಬೇಕು ಬಿಡಿ ಅತ್ತೆ" ಎಂದು ಅನ್ನಕ್ಕೆ ಸಾರು ಹಾಕಿಕೊಂಡಳು. ಎಕ್ಸಿಬಿಷನ್ ಅಲ್ಲ ಕಣೆ, ಹೆಂಗಸರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆಯಾದ ಡಬ್ಲ್ಯುಟಿಎಯ ಟೂರ್ನಿ, ರ‍್ಯಾಂಕಿಂಗ್ ಪಾಯಿಂಟ್ ಇದ್ದದ್ದು, ಸೆಮಿಫೈನಲ್ ಎಂದು ಸಾಧಿಸಲು ಹೊರಟು ಮೊಬೈಲಿನಲ್ಲಿ ಹಳೆಯ ವಿಜೇತರ ಪಟ್ಟಿ ತೆಗೆದೆ. ಅವಳಿಗೆ ಬೇಕಾದ ಸಾಕ್ಷಿ ಕೊನೆಯ ಸಾಲಿನಲ್ಲೇ ಸಿಕ್ಕಿತು. ನೋಡಿ, "ಓ" ಎಂದು ಹೇಳಿ, ಕೈತೊಳೆಯಲು ಎದ್ದು ಹೋದಳು. ನಾನು ಮಾತ್ರ ಆ ಪಟ್ಟಿ ಹಿಡಿದು ಕೂತೇ ಇದ್ದೆ. ಕೊನೆಯ ಸಾಲಿನ ಮೇಲಿನ ಸಾಲುಗಳಲ್ಲಿ ಏನೋ ಇದೆ ಅನ್ನಿಸಿತು, ಅದೇನೆಂದು ತಕ್ಷಣ ಹೊಳೆಯಲಿಲ್ಲ.

ಸಾಲುಗಳು ಆರೇ ಆರು. 2003ರಲ್ಲಿ ಥಾಯ್ಲೆಂಡಿನ ತಮರಿನ್ ತನಸುಗರ್ನ್, 2004ರಲ್ಲಿ ಆಸ್ಟ್ರೇಲಿಯಾದ ನಿಕೋಲ್ ಪ್ರ್ಯಾಟ್, 2005ರಲ್ಲಿ ಸಾನಿಯಾ ಮಿರ್ಜಾ. ಈ ಮೂರು ವರ್ಷ ಟೂರ್ನಿ ಹೈದರಾಬಾದಿನಲ್ಲಿತ್ತು. ಆಮೇಲೆ ಬೆಂಗಳೂರಿಗೆ ಬಂತು. 2006ರಲ್ಲಿ ಇಟಲಿಯ ಮಾರಾ ಸಾಂತಾಂಜೆಲೊ, 2007ರಲ್ಲಿ ಆಗ ರಷ್ಯಾ ಪರ ಆಡುತ್ತಿದ್ದ ಯಾರೊಸ್ಲಾವಾ ಶ್ವೆಡೋವಾ, 2008ರಲ್ಲಿ ಸೆರೆನಾ. ಅಲ್ಲಿಗೆ ಮುಗಿಯಿತು. ಬೆಂಗಳೂರು ಓಪನ್ ಎಂದು ನಾವು ಕರೆಯುವ ಮಹಿಳೆಯರ ಆ ಟೂರ್ನಿಯ ಆಯುಸ್ಸು ನಮ್ಮ ಕಡೆ ಮೂರು ವರ್ಷ. ನಡುವಿನ ನಾಲ್ವರ ಹೆಸರುಗಳನ್ನು ಮತ್ತೆ ಓದಿ: ಪ್ರ್ಯಾಟ್, ಸಾನಿಯಾ, ಸಾಂತಾಂಜೆಲೊ, ಶ್ವೆಡೋವಾ. ನಾಲ್ವರೂ ವರ್ಷಗಟ್ಟಲೆ ದೇಶದೇಶ ಸುತ್ತಿ ಆಡಿದವರು. ಆದರೆ ಅವರು ಗೆದ್ದ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ತಲಾ ಒಂದೇ, ಅದೂ ಇದೇ ಟೂರ್ನಿಯದು. ತನಸುಗರ್ನ್ ಮುಂದೆ ಬೇರೆಡೆಯೂ ಗೆದ್ದಳು, ಆದರೆ ಅವಳಿಗೂ ಮೊದಲನೆಯದು ಇದೇ. ಐವರಾದ ಮೇಲೆ ಬಂದದ್ದು ವೃತ್ತಿಜೀವನದಲ್ಲಿ ಒಟ್ಟು 73 ಸಿಂಗಲ್ಸ್ ಪ್ರಶಸ್ತಿ ಗೆದ್ದ ಸೆರೆನಾ. ಅವಳ ಹಿಂದೆಯೇ ಬಾಗಿಲು ಮುಚ್ಚಿತು.

ಇದು ಕಾಕತಾಳೀಯ ಎಂದು ತಳ್ಳಿಹಾಕಲು ನೋಡಿದೆ, ಮನಸ್ಸು ಒಪ್ಪಲಿಲ್ಲ.

ವಾರದ ಸ್ವತ್ತು

ಮೈಸೂರಿನವರಿಗೆ ಸ್ಪರ್ಧೆ ಎಂದರೆ ಅದು ಊರಿನದು. ದಸರಾ ಕುಸ್ತಿಗೆ ಜೋಡಿ ಕಟ್ಟುತ್ತಾರೆ ಎಂದರೆ ನವರಾತ್ರಿ ಹತ್ತಿರ ಬಂತು ಎಂದು ನಮಗೆ ಗೊತ್ತು. ಪೈಲ್ವಾನರು ಬದಲಾಗಬಹುದು, ಬಹುಮಾನ ಹೆಚ್ಚುಕಡಿಮೆ ಆಗಬಹುದು, ಆದರೆ ಕುಸ್ತಿಯನ್ನು ಯಾರೋ ಎತ್ತಿಕೊಂಡು ಹೋಗಿ ದಾವಣಗೆರೆಯಲ್ಲಿ ಇಟ್ಟುಬಿಡಲಾರರು. ವೃತ್ತಿಪರ ಟೆನಿಸ್‌ನಲ್ಲಿ ಹಾಗಿಲ್ಲ. ಅಲ್ಲಿ ಇರುವುದು ಕ್ಯಾಲೆಂಡರಿನಲ್ಲಿ ಒಂದು ವಾರ. ಆ ಕ್ಯಾಲೆಂಡರ್ ತಯಾರಾಗುವುದು ಡಬ್ಲ್ಯುಟಿಎಯಲ್ಲಿ, ಅದರ ಕಚೇರಿ ಅಮೆರಿಕದ ಫ್ಲೋರಿಡಾದಲ್ಲಿ. ವಾರದ ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ ಅಂಕಣ ಬೇಕು, ಪ್ರಾಯೋಜಕರು ಬೇಕು, ಹೋಟೆಲು ಬೇಕು. ಅವು ಸಿಗುವ ಊರು ಆ ವರ್ಷದ ಊರು. ಬೆಂಗಳೂರಿಗೆ ಟೂರ್ನಿ ಬಂತೆಂದು ನಾವು ಹಿಗ್ಗಿದ ಹೊತ್ತಿನಲ್ಲೇ ಹೈದರಾಬಾದಿನಲ್ಲಿ ಯಾರೋ ಕಳೆದುಕೊಂಡಿದ್ದರು. ಆಗ ಅದು ನಮ್ಮ ಗಮನಕ್ಕೆ ಬಂದಿರಲಿಲ್ಲ, ಸಹಜ.

ಆ ಕಾಲದ ಲೆಕ್ಕ ನೋಡಿದರೆ ಮೂರು ಎಂಬ ಸಂಖ್ಯೆಗೆ ಏನೋ ಶಾಪವಿದ್ದಂತೆ ಕಾಣುತ್ತದೆ. ಹೈದರಾಬಾದ್ 2003ರಿಂದ 2005. ಕೋಲ್ಕತ್ತದ ಸನ್‌ಫೀಸ್ಟ್ ಓಪನ್ 2005ರಿಂದ 2007. ಅಲ್ಲಿ ಮಿಸ್ಕಿನಾ, ಹಿಂಗಿಸ್, ಕಿರಿಲೆಂಕೊ ಗೆದ್ದರು, ಮಾರ್ಟಿನಾ ಹಿಂಗಿಸ್ ಎಂಬ ಹೆಸರಿಗೇ ನೇತಾಜಿ ಒಳಾಂಗಣಕ್ಕೆ ಜನ ಬಂದರು. ಬೆಂಗಳೂರು 2006ರಿಂದ 2008. ಗಂಡಸರ ಚೆನ್ನೈ ಓಪನ್ ಒಂದೇ ಊರಿನಲ್ಲಿ ಎರಡು ದಶಕ ಬಾಳಿತು. ಹೆಂಗಸರ ಟೂರ್ನಿಗಳಿಗೆ ಮೂರು ವರ್ಷಕ್ಕೇ ಏಕೆ ಸುಸ್ತಾಗುತ್ತಿತ್ತು? ಪ್ರಾಯೋಜಕರು ಹೆಂಗಸರ ಆಟವನ್ನು ಸಾನಿಯಾ ಎಂಬ ಒಬ್ಬಳೇ ಹುಡುಗಿಯ ಬೆನ್ನಿನ ಮೇಲೆ ಹೊರಿಸಿದ್ದರು ಎಂಬುದು ನನ್ನ ಗುಮಾನಿ. ಅವಳು 2005ರ ಫೆಬ್ರುವರಿಯಲ್ಲಿ, 18ನೇ ವಯಸ್ಸಿನಲ್ಲಿ, ತನ್ನೂರಿನಲ್ಲೇ ಅಲ್ಯೋನಾ ಬೊಂಡರೆಂಕೊಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿ ಡಬ್ಲ್ಯುಟಿಎ ಸಿಂಗಲ್ಸ್ ಗೆದ್ದ ಮೊದಲ ಭಾರತೀಯಳಾದಳು. 2006ರಲ್ಲಿ ಬೆಂಗಳೂರಿನಲ್ಲಿ ಲೀಜೆಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದಳು. 2008ರ ಹೊತ್ತಿಗೆ ಅವಳ ಸುತ್ತ ಏನಿತ್ತು ನೆನಪಿದೆಯಲ್ಲ? ಮೆಕ್ಕಾ ಮಸೀದಿಯ ಆವರಣದಲ್ಲಿ ಜಾಹೀರಾತು ಚಿತ್ರೀಕರಣದ ಗಲಾಟೆ, ಕಾಲಿನ ಹತ್ತಿರ ರಾಷ್ಟ್ರಧ್ವಜವಿದ್ದಂತೆ ಕಾಣುವ ಫೋಟೊದ ಗಲಾಟೆ. ಆಡಲು ಅಂಕಣಕ್ಕಿಳಿದರೆ ಒಂದು ವಿವಾದ, ಸುಮ್ಮನಿದ್ದರೆ ಇನ್ನೊಂದು. ಬೆಂಗಳೂರಿನಲ್ಲಿ ಆಡುವುದಿಲ್ಲ ಎಂದುಬಿಟ್ಟಳು. ಯಾರ ನಂಬಿಕೆಯಲ್ಲಿ ಟೂರ್ನಿ ನಿಂತಿತ್ತೋ ಅವಳೇ ಇಲ್ಲದ ವರ್ಷ ಟೂರ್ನಿ ಅತ್ಯಂತ ದೊಡ್ಡದಾಯಿತು.

ಹೊರ ಅಂಕಣ

2007ರಲ್ಲಿ ನಾನೂ ನನ್ನ ಗೆಳತಿಯೂ ಬೆಳಿಗ್ಗೆಯ ರೈಲು ಹಿಡಿದು ಹೋಗಿದ್ದೆವು. ಟೂರ್ನಿಯ ಮೊದಮೊದಲ ದಿನಗಳು. ಮುಖ್ಯ ಅಂಕಣದಲ್ಲಿ ಏನು ನಡೆಯುತ್ತಿತ್ತೋ ಈಗ ನೆನಪಿಲ್ಲ, ನೆನಪಿರುವುದು ಹೊರಗಿನ ಅಂಕಣ. ಕಬ್ಬನ್ ಪಾರ್ಕಿನ ಮರಗಳ ನೆರಳು ಬೇಸ್‌ಲೈನಿನ ತನಕ ಬಂದಿತ್ತು. ನೋಡುವವರು ಬೆರಳೆಣಿಕೆಯಷ್ಟು ಮಂದಿ, ಅದರಲ್ಲಿ ಅರ್ಧ ಬಾಲ್ ಬಾಯ್‌ಗಳ ಪೈಕಿಯವರು. ಆಡುತ್ತಿದ್ದ ಇಬ್ಬರ ಹೆಸರನ್ನೂ ನಾವು ಅದಕ್ಕೆ ಮೊದಲು ಕೇಳಿರಲಿಲ್ಲ. ಒಬ್ಬಳು ಸೆಟ್‌ಗಳ ನಡುವೆ ಕುರ್ಚಿಯಲ್ಲಿ ಕೂತು, ತಾನೇ ರಾಕೆಟ್ಟಿನ ಹಳೆಯ ಗ್ರಿಪ್ ಕಿತ್ತು ಹೊಸದನ್ನು ಸುತ್ತುತ್ತಿದ್ದಳು. ಕೋಚ್ ಇರಲಿಲ್ಲ, ಅಮ್ಮ ಇರಲಿಲ್ಲ, ಬ್ಯಾಗಿನ ಪಕ್ಕ ಒಂದು ಬಾಳೆಹಣ್ಣು ಇತ್ತು. ಗ್ರಿಪ್ಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಬಿಗಿಯಾಯಿತೇ ಎಂದು ಗಾಳಿಯಲ್ಲಿ ಎರಡು ಸಲ ಬೀಸಿ ನೋಡಿ, ಎದ್ದು ಸರ್ವ್ ಮಾಡಲು ಹೋದಳು.

"ನೋಡೇ, ನಮ್ ಹಾಗೇ" ಎಂದಳು ಗೆಳತಿ. ನಮ್ಮ ಹಾಗೆ ಎಂದರೆ ಏನೆಂದು ಹೇಳಬೇಕು. ನಾವು ಆಡುತ್ತಿದ್ದ ಕಾಲದಲ್ಲಿ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಹುಡುಗಿಯರಿಗೆ ಮಧ್ಯಾಹ್ನದ ಸುಡುಬಿಸಿಲಿನ ಹೊತ್ತು ಬಿಟ್ಟುಕೊಡುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಮೆಂಬರುಗಳು ಬಿಳಿ ಚಡ್ಡಿಯಲ್ಲಿ ಹಾಜರು, ನಾವು ಜಾಗ ಖಾಲಿ ಮಾಡಬೇಕು. ಕೆಮ್ಮಣ್ಣಿನ ಅಂಕಣ, ಮನೆಗೆ ಬಂದರೆ ಕಾಲುಚೀಲ ಒಗೆಯುವುದು ಯಾರು ಎಂದು ಜಗಳ. ಕೋಚ್ ಎಂಬ ಪದವಿಯೇ ಇರಲಿಲ್ಲ, ಮಾರ್ಕರ್ ಇದ್ದರು. ಮೆಂಬರುಗಳಿಗೆ ಚೆಂಡು ಹೊಡೆದು ಕೊಡುವುದು ಅವರ ಕೆಲಸ, ನಮಗೆ ಹೇಳಿಕೊಡುವುದು ಅವರ ಔದಾರ್ಯ. ರಾಕೆಟ್ಟಿನ ಗಟ್ಟಿಂಗ್, ಅಂದರೆ ಅದರ ತಂತಿಬಲೆ, ಹೋದರೆ ಅವರ ಕೈಕಾಲು ಹಿಡಿದು ಒಂದು ಎಳೆ ಮಾತ್ರ ಹಾಕಿಸಿಕೊಳ್ಳುತ್ತಿದ್ದೆವು. ಪೂರ್ತಿ ಹೊಸ ಗಟ್ಟಿಂಗಿಗೆ ಅಪ್ಪನ ಸಂಬಳದ ದಿನ ಬರಬೇಕು. ಹೀಗೆ ಆಡಿಕೊಂಡೇ ಗೆಳತಿ ಒಂದು ವರ್ಷ ಮೈಸೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಸಿಂಗಲ್ಸ್ ಗೆದ್ದಳು. ಮುಂದಿನ ವರ್ಷ ಮೊದಲ ಸುತ್ತಿನಲ್ಲೇ ಸೋತಳು, ಅದರ ಮುಂದಿನ ವರ್ಷ ಮದುವೆಯಾಯಿತು. ಕಪ್ಪಿನ ಮೇಲೆ ಅವಳ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿ ಕೆತ್ತಿದ್ದರು. ಅದನ್ನು ಇವತ್ತಿಗೂ ಬ್ಯಾಂಕಿನಲ್ಲಿ ತನ್ನ ಮೇಜಿನ ಮೇಲೆ ಪೆನ್ನು ಹಾಕಲು ಇಟ್ಟುಕೊಂಡಿದ್ದಾಳೆ. ಸಾಲ ಕೇಳಲು ಬಂದವರು ಆ ಕಪ್ಪಿನ ಬಗ್ಗೆ ವಿಚಾರಿಸಿದರೆ ಅವಳ ಸಹಿ ಬೇಗ ಬೀಳುತ್ತದೆ ಎಂದು ಶಾಖೆಯಲ್ಲಿ ತಮಾಷೆ ಮಾಡುತ್ತಾರಂತೆ.

ಆ ಹೊರ ಅಂಕಣದ ಹುಡುಗಿ ಗೆದ್ದಳೋ ಸೋತಳೋ ನೋಡಲಾಗಲಿಲ್ಲ, ರೈಲಿನ ಹೊತ್ತಾಗಿತ್ತು. ಆದರೆ ಆ ವಾರದ ಕೊನೆಯಲ್ಲಿ ಪ್ರಶಸ್ತಿ ಗೆದ್ದವಳೂ ಅಂಥದೇ ಸಾಲಿನಿಂದ ಬಂದವಳು. ಶ್ವೆಡೋವಾಗೆ ಆಗ 19 ವರ್ಷ, ಅಗ್ರ ನೂರರ ಒಳಗೂ ಇರಲಿಲ್ಲ. ಫೈನಲ್‌ನಲ್ಲಿ ಸೋಲಿಸಿದ್ದು ಹಿಂದಿನ ವರ್ಷದ ವಿಜೇತೆ ಸಾಂತಾಂಜೆಲೊಳನ್ನು, ನೇರ ಸೆಟ್‌ಗಳಲ್ಲಿ. ಆಗ ಟೂರ್ನಿಗಳನ್ನು ಟಿಯರ್ ಎಂಬ ದರ್ಜೆಗಳಲ್ಲಿ ಇಡುತ್ತಿದ್ದರು, ಇದು ಕೆಳಗಿನ ದರ್ಜೆಯದು. ಟಿಯರ್ 3 ಎಂದರೆ ಇದೇ. 1,75,000 ಡಾಲರ್ ಬಹುಮಾನದ ಟೂರ್ನಿಗೆ ಅಗ್ರ ಹತ್ತರವರು ಸುಲಭವಾಗಿ ಬರುವುದಿಲ್ಲ. ಅವರು ಬಾರದಿರುವುದರಿಂದಲೇ ಗ್ರಿಪ್ಪನ್ನು ತಾವೇ ಸುತ್ತಿಕೊಳ್ಳುವವರಿಗೆ ಒಂದು ಭಾನುವಾರ ಸಿಗುತ್ತದೆ. ನಿಕೋಲ್ ಪ್ರ್ಯಾಟ್‌ಗೆ ಆ ಭಾನುವಾರ ಸಿಕ್ಕಾಗ 31ರ ಹೊಸ್ತಿಲು. ಎದುರಿಗಿದ್ದವಳು 17ರ ಮಾರಿಯಾ ಕಿರಿಲೆಂಕೊ. ಅಷ್ಟು ವರ್ಷ ಸೂಟ್‌ಕೇಸ್ ಎಳೆದುಕೊಂಡು ತಿರುಗಿದ ಮೇಲೆ, ಹೈದರಾಬಾದಿನಲ್ಲಿ ಮೊದಲ ಸಲ, ಕೊನೆಯ ಸಲವೂ ಅದೇ.

ಮಾರ್ಚ್ 8

2008ಕ್ಕೆ ಟೂರ್ನಿ ಒಂದು ದರ್ಜೆ ಮೇಲೇರಿ ಟಿಯರ್ 2 ಆಯಿತು. ಬಹುಮಾನ 6 ಲಕ್ಷ ಡಾಲರ್. ಫೆಬ್ರುವರಿಯಿಂದ ಮಾರ್ಚ್ ಮೊದಲ ವಾರಕ್ಕೆ ಜರುಗಿತು. ಈ ವಾರದ ಬಗ್ಗೆ ನನ್ನದೊಂದು ತರ್ಕವಿದೆ. ಬೆಂಗಳೂರು ಮುಗಿದ ಮರುದಿನವೇ ಎಲ್ಲರ ಕಣ್ಣು ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್ ಕಡೆ. ಅಲ್ಲಿ ಆಡಬೇಕಾದವರು ಹಿಂದಿನ ವಾರ ಭೂಮಿಯ ಇನ್ನೊಂದು ಮಗ್ಗುಲಿಗೆ ಬಂದು ಬೆವರು ಹರಿಸುವುದಿಲ್ಲ. ಆದರೆ ವಿಲಿಯಮ್ಸ್ ಅಕ್ಕತಂಗಿಯರಿಗೆ ಆ ತೊಂದರೆಯೇ ಇರಲಿಲ್ಲ, ಏಕೆಂದರೆ ಅವರು ಇಂಡಿಯನ್ ವೆಲ್ಸ್‌ಗೆ ಕಾಲಿಡುತ್ತಿರಲಿಲ್ಲ. 2001ರಲ್ಲಿ ಅಲ್ಲಿ ಇಬ್ಬರಿಗೂ ಸೆಮಿಫೈನಲ್ ಬಿದ್ದಿತ್ತು, ವೀನಸ್ ಕೊನೆ ಗಳಿಗೆಯಲ್ಲಿ ಗಾಯದಿಂದ ಹಿಂದೆ ಸರಿದಳು, ಮನೆಯವರೇ ಮಾತಾಡಿಕೊಂಡು ಮಾಡಿದ್ದೆಂದು ಜನ ಗುಸುಗುಟ್ಟಿದರು, ಫೈನಲ್ಲಿಗೆ ಇಳಿದ 19ರ ಸೆರೆನಾಳನ್ನು ಇಡೀ ಕ್ರೀಡಾಂಗಣ ಕೂಗಿ ಅವಮಾನಿಸಿತು. ಸೆರೆನಾ ಮತ್ತೆ ಅಲ್ಲಿಗೆ ಹೋದದ್ದು 2015ರಲ್ಲಿ, ವೀನಸ್ 2016ರಲ್ಲಿ. ಅಲ್ಲಿ ಆಡದೆ ಉಳಿದ ಅಕ್ಕತಂಗಿಯರ ಸೆಮಿಫೈನಲ್ಲನ್ನು ಏಳು ವರ್ಷದ ಮೇಲೆ, ಅದೇ ಮಾರ್ಚಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಆಡಿದರು. ಬೆಂಗಳೂರಿನ ಅದೃಷ್ಟಕ್ಕೆ ಕ್ಯಾಲಿಫೋರ್ನಿಯಾದ ಆ ಕೂಗಾಟವೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಆ ಸೆಮಿಫೈನಲ್ ನಡೆದ ದಿನ ಮಹಿಳಾ ದಿನವೂ ಹೌದು. ಯಾರೂ ಯೋಜಿಸಿದ್ದಲ್ಲ, ಶನಿವಾರ ಹಾಗೆ ಬಂದಿತ್ತು. ಗೆಳತಿ ಬೆಂಗಳೂರಿಗೆ ಹೋದಳು. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು. ಮಾರ್ಚ್ ಎಂದರೆ ನಮಗೆ ಪರೀಕ್ಷೆ, ಹಾಲ್ ಟಿಕೆಟ್, ಡ್ಯೂಟಿ ಪಟ್ಟಿ. ನನ್ನ ವಿದ್ಯಾರ್ಥಿನಿಯರಲ್ಲಿ ಆಟಗಾರ್ತಿಯರೂ ಇದ್ದರು, ಅವರನ್ನು ಕರೆದುಕೊಂಡು ಹೋಗೋಣವೆಂದರೆ ಯಾವ ತಾಯಿ ಬಿಟ್ಟಾಳು? ಸೆರೆನಾ ಬಂದರೇನು, ಫಿಸಿಕ್ಸ್ ಯಾರು ಓದುತ್ತಾರೆ? ಕರ್ನಾಟಕದ ಹುಡುಗಿಯರಿಗೆ ದೊಡ್ಡ ಆಟ ತೋರಿಸಬೇಕೆಂಬ ಆಸೆ ಯಾರಿಗಾದರೂ ಇದ್ದಿದ್ದರೆ ಮಾರ್ಚ್ ತಿಂಗಳನ್ನು ಆರಿಸುತ್ತಿರಲಿಲ್ಲ. ಆರಿಸುವ ಅಧಿಕಾರ ಇಲ್ಲಿಯವರಿಗೆ ಇರಲೂ ಇಲ್ಲ ಬಿಡಿ.

ಹಾಗಾಗಿ ಟಿವಿಯಲ್ಲಿ ನೋಡಿದೆ. ಮೊದಲ ಸೆಟ್ ತಂಗಿ ಸೆರೆನಾಗೆ 6-3, ಎರಡನೆಯದು ಅಕ್ಕ ವೀನಸ್‌ಗೆ 6-3. ಅಲ್ಲಿಯ ತನಕ ಇಬ್ಬರೂ ಹದಿನಾಲ್ಕು ಸಲ ಆಡಿ ಏಳೇಳು ಗೆದ್ದಿದ್ದರು, 2005ರ ಅಮೆರಿಕ ಓಪನ್ ಆದ ಮೇಲೆ ಎದುರಾಗಿರಲಿಲ್ಲ. ಜನಕ್ಕೆ ಯಾರಿಗೆ ಚಪ್ಪಾಳೆ ತಟ್ಟುವುದೆಂದು ತಿಳಿಯದೆ ಇಬ್ಬರಿಗೂ ತಟ್ಟುತ್ತಿದ್ದರು. ಮೂರನೇ ಸೆಟ್ ಬಿಗಿಯಾಗುತ್ತಿದ್ದಂತೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ವೀನಸ್‌ಗೆ ಮ್ಯಾಚ್ ಪಾಯಿಂಟ್ ಸಿಕ್ಕಿದ್ದು, ಅದು ಕೈತಪ್ಪಿದ್ದು, ಟೈಬ್ರೇಕರ್‌ನಲ್ಲಿ ಸೆರೆನಾ 7-4ರಿಂದ ಗೆದ್ದದ್ದು, ಇವೆಲ್ಲ ನನಗೆ ಗೊತ್ತಾದದ್ದು ಗೆಳತಿಯ ಫೋನಿನಿಂದ. ಅವಳು ಏದುಸಿರು ಬಿಡುತ್ತಾ ಹೇಳಿದಳು, ತಾನೇ ಆಡಿ ಬಂದವಳ ಹಾಗೆ. ಮರುದಿನ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ 7-5, 6-3ರಿಂದ ಸೋತಳು. ಬೆಂಗಳೂರಿನಿಂದ ಹೊರಟ ಸೆರೆನಾ ಮಯಾಮಿ, ಚಾರ್ಲ್ಸ್‌ಟನ್ ಎರಡನ್ನೂ ಗೆದ್ದು ಆ ವರ್ಷವೇ ಮತ್ತೆ ನಂಬರ್ 1 ಆದಳು.

ಇಲ್ಲೊಂದು ಮಂಡ್ಯದ ಮಾತು ಸೇರಿಸದಿದ್ದರೆ ಆಗದು. ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಗೆ ದೀರ್ಘಕಾಲ ಅಧ್ಯಕ್ಷರಾಗಿದ್ದವರು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ರಾಕೆಟ್ ಹಿಡಿಯುವ ರಾಜಕಾರಣಿ ನಮ್ಮಲ್ಲಿ ಬೇರೆ ಯಾರಿದ್ದರು? ಅದೇ ಮಾರ್ಚಿನಲ್ಲಿ ಅವರು ಮಹಾರಾಷ್ಟ್ರದ ರಾಜ್ಯಪಾಲ ಹುದ್ದೆ ಬಿಟ್ಟು ರಾಜ್ಯ ರಾಜಕೀಯಕ್ಕೆ ಮರಳುತ್ತಿದ್ದರು. ಮೈಸೂರು ಮಂಡ್ಯದ ಬಸ್ಸುಗಳಲ್ಲಿ ಆ ವಾರ ಪತ್ರಿಕೆ ಹಿಡಿದವರೆಲ್ಲ ಮುಖಪುಟದ ಕೃಷ್ಣರನ್ನೇ ಓದುತ್ತಿದ್ದರು. ಹಿಂದಿನ ಪುಟದ ಸೆರೆನಾ ಅವರ ತೊಡೆಯ ಮೇಲೆ ಮಡಚಿಕೊಂಡು ಕೂತಿದ್ದಳು.

ಆಮೇಲೆ

2009ರಲ್ಲಿ ಟೂರ್ನಿ ಇಲ್ಲ. ಅದಕ್ಕೆ ದೊಡ್ಡ ಶೋಕಾಚರಣೆಯೂ ನಡೆಯಲಿಲ್ಲ. 2008ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾದವು, ಸೆಪ್ಟೆಂಬರಿನಲ್ಲಿ ಇಲ್ಲಿ ನಡೆಯಬೇಕಿದ್ದ ಗಂಡಸರ ಎಟಿಪಿ ಟೂರ್ನಿ ಭದ್ರತೆಯ ಕಾರಣಕ್ಕೆ ರದ್ದಾಯಿತು. ವರ್ಷದ ಕೊನೆಗೆ ಜಗತ್ತಿಗೇ ಆರ್ಥಿಕ ಹಿಂಜರಿತ ಬಡಿಯಿತು. 2009ರಿಂದ ಡಬ್ಲ್ಯುಟಿಎ ತನ್ನ ಟಿಯರ್‌ಗಳನ್ನೆಲ್ಲ ಕಿತ್ತು ಪ್ರೀಮಿಯರ್, ಇಂಟರ್‌ನ್ಯಾಷನಲ್ ಎಂದು ಹೊಸದಾಗಿ ಹೊಂದಿಸಿತು. ಇಷ್ಟೆಲ್ಲ ಒಟ್ಟಿಗೆ ಬಂದಾಗ 6 ಲಕ್ಷ ಡಾಲರಿನ ಟೂರ್ನಿಯನ್ನು ಹೊತ್ತು ನಿಲ್ಲುವುದು ಕಷ್ಟವೇ. 1,75,000 ಡಾಲರಿನದಾಗಿ ಉಳಿದಿದ್ದರೆ ನಿಲ್ಲುತ್ತಿತ್ತೇ? ಕೋಲ್ಕತ್ತದ್ದು ಚಿಕ್ಕದಾಗಿಯೇ ಇದ್ದು ಸತ್ತಿತು, ಆದ್ದರಿಂದ ಖಂಡಿತ ಉಳಿಯುತ್ತಿತ್ತು ಎಂದು ನಾನು ವಾದಿಸಲಾರೆ. ಆದರೆ ಚಿಕ್ಕದಕ್ಕೆ ಒಂದು ಉಪಯೋಗವಿತ್ತು, ದೊಡ್ಡದಕ್ಕೆ ಇದ್ದದ್ದು ಫೋಟೊ ಮಾತ್ರ ಎಂಬ ನನ್ನ ಮಾತನ್ನು ಬಿಟ್ಟುಕೊಡುವುದಿಲ್ಲ.

ನಂತರ ನಮ್ಮ ದೇಶಕ್ಕೆ ಬಂದ ಚಿಕ್ಕ ಟೂರ್ನಿಗಳನ್ನೇ ನೋಡಿ. 2012ರಲ್ಲಿ ಪುಣೆಯಲ್ಲಿ ಗೆದ್ದದ್ದು 18ರ ಎಲಿನಾ ಸ್ವಿಟೊಲಿನಾ. ಫೈನಲ್ಲಿನಲ್ಲಿ ಎದುರಿಗಿದ್ದವಳು ನಲವತ್ತು ದಾಟಿದ ಕಿಮಿಕೊ ದಾತೆ. 2017ರಲ್ಲಿ ಮುಂಬೈನಲ್ಲಿ ಗೆದ್ದದ್ದು ಆಗ 19ರ ಅರೀನಾ ಸಬಲೆಂಕಾ. ನನ್ನ ತಮ್ಮನ ಮಗಳು ಗೋಡೆಯ ಮೇಲೆ ಅಂಟಿಸಿಕೊಂಡಿರುವ ಅದೇ ಸಬಲೆಂಕಾ. 2022ರಲ್ಲಿ ಚೆನ್ನೈನಲ್ಲಿ 17ರ ಲಿಂಡಾ ಫ್ರುಹ್‌ವಿರ್ತೊವಾ. ಯಾರೂ ಕಣ್ಣೆತ್ತಿ ನೋಡದ ಹೊತ್ತಿನಲ್ಲಿ ಇವರೆಲ್ಲ ನಮ್ಮ ಬಿಸಿಲಲ್ಲಿ ಆಡಿ ಹೋದವರು. ಮೈಸೂರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಗಂಡಸರ ಐಟಿಎಫ್ ಟೂರ್ನಿ, ಅಂದರೆ ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲು, ನಡೆದಿದೆ, ನಮ್ಮೂರಿನ ಪ್ರಜ್ವಲ್ ದೇವ್ ಅಂಥ ಮೆಟ್ಟಿಲುಗಳನ್ನು ಹತ್ತಿಯೇ ಮೇಲೆ ಹೋದವರು. ಹುಡುಗಿಯರಿಗೂ ಊರೂರಲ್ಲಿ ಅಂಥವು ವರ್ಷ ತಪ್ಪದೆ ನಡೆಯಲಿ, ಪರೀಕ್ಷೆಯ ತಿಂಗಳು ಬಿಟ್ಟು.

ಇಷ್ಟನ್ನೂ ಮೊನ್ನೆ ಫೋನಿನಲ್ಲಿ ಗೆಳತಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಏನೇ ಹೇಳು, ನಾನು ಸೆರೆನಾನ ಕಣ್ಣಾರೆ ನೋಡಿದೀನಿ. ಆ ಸರ್ವಿನ ಸದ್ದು ಟಿವಿಲಿ ಕೇಳ್ಸಲ್ಲ ಕಣೇ. ನಿನ್ ಶ್ವೆಡೋವಾ ಯಾರಿಗ್ ಬೇಕು?"

ಬೇಕು, ಎಂದೆ. 2012ರ ವಿಂಬಲ್ಡನ್, ಮೂರನೇ ಸುತ್ತು. ಆ ವರ್ಷ ಫ್ರೆಂಚ್ ಓಪನ್ ಫೈನಲ್ ಆಡಿ ಬಂದಿದ್ದ ಸಾರಾ ಎರಾನಿ ಎದುರಿಗೆ. ಶ್ವೆಡೋವಾ ಮೊದಲ ಸೆಟ್ಟಿನಲ್ಲಿ 24 ಪಾಯಿಂಟ್ ಆಡಿ 24ನ್ನೂ ಗೆದ್ದಳು. ಎದುರಾಳಿಗೆ ಒಂದು ಪಾಯಿಂಟೂ ಇಲ್ಲ. ಗೋಲ್ಡನ್ ಸೆಟ್.

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಆಮೇಲೆ? ಮುಂದಿನ್ ಮ್ಯಾಚ್?"

ಇದನ್ನು ಕೇಳಬಾರದಿತ್ತು ಅವಳು. ನಾಲ್ಕನೇ ಸುತ್ತು, ಮೂರು ಸೆಟ್, ಕೊನೆಯದು 7-5, ಸೋತಳು ಎಂದೆ.

"ಯಾರಿಗೆ?"

"ಸೆರೆನಾಗೆ."

ಅವಳು ನಕ್ಕ ರಭಸಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.